ಲಾ ಸ್ಕಾಲಾದಲ್ಲಿ ಆಪೆರಾ: ರಂಗಮಂದಿರ, ಪ್ರೇಕ್ಷಕ ಮತ್ತು ಪಠ್ಯ

ಆಪೆರಾ ಎಂಬುದಕ್ಕೆ ಕನ್ನಡದಲ್ಲಿ ‘ಗೀತನಾಟಕ’ ಎಂಬ ಪರ್ಯಾಯ ರೂಢಿಯಲ್ಲಿದೆ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವನ್ನು ನಾವು ಈ ಹೆಸರಿನಿಂದಲೇ ಗುರುತಿಸುತ್ತೇವೆ. ಆದರೆ ಮುದ್ರಿತ ಪಠ್ಯವನ್ನಷ್ಟೇ ಓದುವ ಸಂಶೋಧಕನಿಗೆ ಈ ಪ್ರಕಾರದ ಒಂದು ಭಾಗ ಮಾತ್ರ ದಕ್ಕುತ್ತದೆ. ಉಳಿದುದು ರಂಗಮಂದಿರದಲ್ಲಿದೆ ಎಂಬುದಕ್ಕೆ ಇಟಲಿಯ ಮಿಲಾನ್ ನಗರದ ಲಾ ಸ್ಕಾಲಾ ಉತ್ತಮ ನಿದರ್ಶನ.

1778ರ ಆಗಸ್ಟ್ 3ರಂದು ಸಾಲಿಯೇರಿಯ ಆಪೆರಾದೊಂದಿಗೆ ಆರಂಭವಾದ ಈ ಮಂದಿರದ ಸಭಾಂಗಣ ಕುದುರೆಲಾಳದ ಆಕಾರದ್ದು. ನೆಲದ ಆಸನಗಳ ಸುತ್ತ ಒಂದರ ಮೇಲೊಂದು ಕೋಷ್ಠಗಳ ಸಾಲುಗಳಿವೆ; ಎಲ್ಲಕ್ಕೂ ಮೇಲೆ ‘ಲೊಜ್ಜೋನೆ’ ಎಂಬ ಅಗ್ಗದರದ ಅಟ್ಟಣೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೋಷ್ಠಗಳು ಸಿರಿವಂತ ಮನೆತನಗಳ ಸ್ವತ್ತಾಗಿದ್ದವು. ಆಟ ನಡೆಯುತ್ತಿರುವಾಗಲೇ ಅಲ್ಲಿ ಊಟೋಪಚಾರ, ಹರಟೆಗಳು ಸಾಗುತ್ತಿದ್ದವು. 1898ರಲ್ಲಿ ಸಂಗೀತದ ಹೊಣೆ ಹೊತ್ತ ತೊಸ್ಕನೀನಿ ಸಭಾಂಗಣದ ದೀಪಗಳನ್ನು ತಗ್ಗಿಸಿದನು; ನಮ್ಮ ಕಂಪನಿ ನಾಟಕಗಳ ‘ಒನ್ಸ್ ಮೋರ್’ಗೆ ಸಮಾನವಾದ ಮರುಗಾಯನದ ಪದ್ಧತಿಯನ್ನು ವಿರೋಧಿಸಿದನು. ಇಂದು ಪ್ರೇಕ್ಷಕ ಕತ್ತಲೆಯಲ್ಲಿ ಮೌನವಾಗಿ ಕುಳಿತು ಕೇಳುವುದು ಇಂಥ ಸುಧಾರಣೆಗಳ ಫಲ.

ಯಕ್ಷಗಾನದಲ್ಲಿ ಭಾಗವತ ಹಾಡುತ್ತಾನೆ, ವೇಷಧಾರಿ ಕುಣಿಯುತ್ತಾನೆ. ಆಪೆರಾದಲ್ಲಾದರೋ ಪಾತ್ರಧಾರಿಯೇ ಗಾಯಕ. ಅದೂ ಧ್ವನಿವರ್ಧಕದ ನೆರವಿಲ್ಲದೆ. ದೊಡ್ಡ ವಾದ್ಯಮೇಳವನ್ನು ಮೀರಿ ಒಂದೇ ಕಂಠ ಕೇಳಿಸುವುದು ಹೇಗೆ? ವಾದ್ಯಮೇಳದ ನಾದಶಕ್ತಿ 500 ಹರ್ಟ್ಸ್ ಆಸುಪಾಸಿನಲ್ಲಿ ಹೆಚ್ಚಾಗಿದ್ದು, ಮೇಲಕ್ಕೆ ಹೋದಂತೆ ಕುಗ್ಗುತ್ತದೆ. ಪಳಗಿದ ಗಾಯಕ, ಮುಖ್ಯವಾಗಿ ಪುರುಷಗಾಯಕ, ತನ್ನ ಕಂಠದ ಶಕ್ತಿಯನ್ನು 3,000 ಹರ್ಟ್ಸ್ ಸುತ್ತ ಕೇಂದ್ರೀಕರಿಸಿ ಆ ತೆರಪಿನಲ್ಲಿ ಕೇಳಿಸಿಕೊಳ್ಳುತ್ತಾನೆ. ಮಾತು ತಿಳಿಯದವರಿಗಾಗಿ ಆಸನಗಳ ಬೆನ್ನಿಗೆ ಸಾಹಿತ್ಯ ತೋರಿಸುವ ಪುಟ್ಟ ಪರದೆಗಳುಂಟು.

ಪ್ರೇಕ್ಷಕನ ತೀರ್ಪು ಪಠ್ಯವನ್ನೇ ಬದಲಿಸಿದುದಕ್ಕೂ ಇಲ್ಲಿ ಆಧಾರವಿದೆ. ಪುಚ್ಚೀನಿಯ ‘ಮದಾಮ ಬಟರ್‌ಫ್ಲೈ’ 1904ರ ಫೆಬ್ರವರಿ 17ರಂದು ಇಲ್ಲಿ ಮೊದಲು ಪ್ರಯೋಗಗೊಂಡಾಗ ಕೂಗಾಟ, ಅಪಹಾಸ್ಯಗಳಿಗೆ ಗುರಿಯಾಯಿತು. ಪುಚ್ಚೀನಿ ಕೃತಿಯನ್ನು ಹಿಂತೆಗೆದುಕೊಂಡು, ದೀರ್ಘವಾದ ಎರಡನೆಯ ಅಂಕವನ್ನು ಎರಡಾಗಿ ಒಡೆದು, ಬೇರೆಡೆಯೂ ತಿದ್ದಿದನು. ಮೇ 28ರಂದು ಬ್ರೆಷಾ ನಗರದಲ್ಲಿ ಅದು ಯಶಸ್ವಿಯಾಯಿತು. ಹೀಗಿರುವಾಗ ‘ಮೂಲಪಠ್ಯ’ ಯಾವುದು? ಕವಿಯ ಹಸ್ತಪ್ರತಿಯಷ್ಟೇ ಇದಕ್ಕೆ ಉತ್ತರವಾಗಲಾರದು.

‘ಗೋಕುಲ ನಿರ್ಗಮನ’ವೂ ಬಿ.ವಿ. ಕಾರಂತರ ನಿರ್ದೇಶನದಲ್ಲಿ ರಂಗವೇರಿ ಹೊಸ ಬಾಳನ್ನು ಪಡೆಯಿತು. ಕನ್ನಡ ಗೀತನಾಟಕಗಳ ಅಧ್ಯಯನಕ್ಕೆ ರಂಗಪ್ರತಿಗಳು, ಧಾಟಿಗಳ ಧ್ವನಿಮುದ್ರಿಕೆಗಳು, ನೋಡಿದವರ ನೆನಪುಗಳು ಮುದ್ರಿತ ಪಠ್ಯದಷ್ಟೇ ಮುಖ್ಯವಾದ ಆಕರಗಳು. ಪುಸ್ತಕ ಮರುಮುದ್ರಣವಾಗಬಹುದು, ನೋಡಿದವರ ನೆನಪು ಅವರೊಂದಿಗೇ ಹೋಗುತ್ತದೆ. ಆದುದರಿಂದ ಸಂಗ್ರಹಕಾರ್ಯ ಮೊದಲಾಗಬೇಕಾದುದು ಅಲ್ಲಿಂದಲೇ.