ಗುಂಡಿನ ಲೆಕ್ಕ

ಕಳೆದ ಬೇಸಗೆಯ ರಜೆಯಲ್ಲಿ ಸೋಮನಹಳ್ಳಿಯ ನಮ್ಮ ಮನೆಗೆ ಹಳೆಯ ಶಿಷ್ಯನೊಬ್ಬ ಬಂದಿದ್ದ. ಹಳಗನ್ನಡ ಪದ್ಯಕ್ಕೆ ಅನ್ವಯ ಹೇಳಲು ತಡವರಿಸುತ್ತಿದ್ದ ಆ ಹುಡುಗ ಈಗ ಪೊಲೀಸ್ ಸಬ್‌ಇನ್‌ಸ್ಪೆಕ್ಟರು. ಮಾತು ಬಂದೂಕಿನ ಅಭ್ಯಾಸದತ್ತ ಹೊರಳಿತು. “ಹಗಲು ಬೆಳಕು, ಅಳೆದಿಟ್ಟ ದೂರ, ಅಲುಗದ ಗುರಿಹಲಗೆ. ಬೀದಿಯಲ್ಲಿ ಈ ಮೂರರಲ್ಲಿ ಒಂದೂ ಇರುವುದಿಲ್ಲ, ಮೇಷ್ಟ್ರೇ” ಎಂದ.

ಈ ಕೊರತೆಯನ್ನು ಬಹು ಹಿಂದೆಯೇ ಕಂಡವನು ಶಾಂಘೈ ನಗರದ ಪೊಲೀಸ್ ಅಧಿಕಾರಿ ಫೇರ್‌ಬೇರ್ನ್. ಸುಮಾರು ಹನ್ನೆರಡು ವರ್ಷಗಳಲ್ಲಿ ಅಲ್ಲಿ ನಡೆದ 666 ಸಶಸ್ತ್ರ ಘರ್ಷಣೆಗಳ ಅನುಭವವೇ ಅವನ ಪಾಠಕ್ಕೆ ಆಧಾರ. ಹೊಡೆದಾಟ ನಡೆಯುವುದು ಕೆಲವೇ ಹೆಜ್ಜೆಗಳ ಅಂತರದಲ್ಲಿ, ಮಬ್ಬುಗತ್ತಲೆಯಲ್ಲಿ, ಕ್ಷಣಾರ್ಧದಲ್ಲಿ ಎಂದು ಕಂಡುಕೊಂಡು, ಶಿಕ್ಷಣವನ್ನೂ ಅದಕ್ಕೆ ತಕ್ಕಂತೆ ತಿದ್ದಿದ. ಸಹೋದ್ಯೋಗಿ ಸೈಕ್ಸನೊಡನೆ 1942ರಲ್ಲಿ ಅದನ್ನೇ ಪುಸ್ತಕವಾಗಿಸಿದ.

ಇದು ಚೆನ್ನಾಗಿ ಹೊಡೆಯುವ ವಿದ್ಯೆಯಾಯಿತು. ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ನ್ಯೂಯಾರ್ಕಿನ ವೃತ್ತಾಂತ. ಅಲ್ಲಿ ಪೊಲೀಸನು ಹಾರಿಸಿದ ಗುಂಡಿಗೆ ವರದಿ ಬರೆಯಬೇಕು, ಮೇಲಿನವರು ಅದನ್ನು ಪರಿಶೀಲಿಸಬೇಕು ಎಂಬ ಬಿಗಿಯಾದ ನಿಯಮ 1972ರಲ್ಲಿ ಜಾರಿಗೆ ಬಂತು. ಅದೇ ಇಲಾಖೆಯಲ್ಲಿ ದುಡಿದ ಜೇಮ್ಸ್ ಫೈಫ್ ಆ ಕಡತಗಳನ್ನು ಶೋಧಿಸಿ 1979ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಗುಂಡು ಹಾರಿಸುವ ಪ್ರಸಂಗಗಳ ವಾರದ ಸರಾಸರಿ ನೂರಕ್ಕೆ 30ರಷ್ಟು ಇಳಿಯಿತು. ಪೊಲೀಸರ ಪ್ರಾಣಕ್ಕೆ ಇದರಿಂದ ಅಪಾಯ ಹೆಚ್ಚಿತೇ? ಇಲ್ಲ; ಗಾಯಗೊಂಡವರ ಸಂಖ್ಯೆಯೂ ತಗ್ಗಿತು. ಬರೆಯಬೇಕಾದೀತೆಂಬ ಅರಿವು ಬೆರಳನ್ನು ತಡೆಯುತ್ತದೆಂದು ಬರಹವನ್ನೇ ನಂಬಿದ ನನ್ನಂಥವನು ಹಿಗ್ಗಿದರೆ ವಾಚಕರು ಕ್ಷಮಿಸಬೇಕು.

ಸಂಜೆ ಇಬ್ಬರೂ ಮದ್ದೂರಿಗೆ ಅಂಟಿಕೊಂಡ ಶಿವಪುರಕ್ಕೆ ಹೋಗಿ ಸತ್ಯಾಗ್ರಹ ಸೌಧದೆದುರು ಕುಳಿತೆವು. 1938ರ ಏಪ್ರಿಲ್‌ನಲ್ಲಿ, ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ, ನಿಷೇಧಾಜ್ಞೆಯನ್ನು ಮೀರಿ ಸಹಸ್ರಾರು ಜನ ಇಲ್ಲಿ ನೆರೆದರು. ಬಂಧನಗಳಾದವು, ಗುಂಡು ಹಾರಲಿಲ್ಲ. ಅದೇ ತಿಂಗಳ 25ರಂದು, ಅದೇ ಸಂಸ್ಥಾನದ ವಿದುರಾಶ್ವತ್ಥದಲ್ಲಿ, ಧ್ವಜದ ವಿಷಯವಾಗಿಯೇ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಎಣಿಕೆಗೂ ಜನರ ಎಣಿಕೆಗೂ ತಾಳೆಯಾಗಲಿಲ್ಲ. ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಸಮಿತಿ ವಿಚಾರಣೆ ನಡೆಸಿತು.

ವಿಚಾರಣೆಗಳು ನಮ್ಮಲ್ಲಿ ಇಂದಿಗೂ ನಡೆಯುತ್ತವೆ. ಪೊಲೀಸ್ ಗುಂಡಿನಿಂದಾದ ಸಾವಿಗೆ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯವೆಂದು ಸುಪ್ರೀಂ ಕೋರ್ಟು 2014ರಲ್ಲಿ ವಿಧಿಸಿದೆ. ಆದರೆ ವಿಚಾರಣೆ ಹುಡುಕುವುದು ತಪ್ಪಿತಸ್ಥನನ್ನು. ಕವಾಯತು ಮಾಸ್ತರನಿಗೆ ಬೇಕಾದ ಪಾಠ ಅದೇ ಕಡತದಲ್ಲಿ ಇದ್ದರೂ, ಅದನ್ನು ಹೆಕ್ಕಿ ಮೈದಾನಕ್ಕೆ ತರುವ ಕೆಲಸವೇ ಬೇರೆ. ವಿದ್ಯಾರ್ಥಿಯ ಉತ್ತರಪತ್ರಿಕೆಗೆ ಅಂಕ ಕೊಟ್ಟು, ತಪ್ಪನ್ನು ತರಗತಿಯಲ್ಲಿ ತಿಳಿಸದೆ ಕಟ್ಟಿಡುವ ಅಧ್ಯಾಪಕರಿದ್ದಾರೆ. ನಾನೂ ಎಷ್ಟೋ ವರ್ಷ ಹಾಗೆಯೇ ಮಾಡಿದವನು.

“ನಮ್ಮ ಹುಡುಗರಿಗೆ ತಿಳಿಯುವ ಕನ್ನಡದಲ್ಲಿ ಒಂದು ನಮೂನೆ ಬರೆದುಕೊಡಿ ಮೇಷ್ಟ್ರೇ” ಎಂದ ಶಿಷ್ಯ. ಅಲ್ಲಿಯೇ ಬರೆದೆ: ದೂರವೆಷ್ಟು? ಬೆಳಕು ಹೇಗಿತ್ತು? ಎಚ್ಚರಿಕೆ ಕೊಟ್ಟದ್ದು ಕೇಳಿಸಿತೇ? ಹಾರಿದ ಗುಂಡುಗಳೆಷ್ಟು, ತಾಗಿದವೆಷ್ಟು, ಗುರಿಯಲ್ಲದವರಿಗೆ ತಾಗಿದವೆಷ್ಟು?

ಅವನು ಓದಿ, ಸೌಧದ ಕಡೆ ಒಮ್ಮೆ ನೋಡಿ, ಲೇಖನಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಕೆಳಗೆ ಇನ್ನೊಂದು ಸಾಲು ಸೇರಿಸಿದ: “ಬಂದೂಕು ಎತ್ತಿಯೂ ಹೊಡೆಯದೆ ಇಳಿಸಿದ್ದರೆ, ಅದು ಹೇಗೆ ಸಾಧ್ಯವಾಯಿತು?”

ಆ ಸಾಲಿನ ಮುಂದೆ ಉಳಿದೆಲ್ಲಕ್ಕಿಂತ ಹೆಚ್ಚು ಜಾಗ ಬಿಡಬೇಕೆಂದೂ ಹೇಳಿದ.