ಒಂದೇ ಮನೆ, ಹಲವು ಮನಸ್ಸು: ಕೃತಕ ಬುದ್ಧಿಮತ್ತೆ ಮತ್ತು ನಮ್ಮ ಕುಟುಂಬಗಳು

ವಿಜ್ಞಾನವು ಹೊಸದೊಂದು ಸಾಧನವನ್ನು ಕೈಗಿತ್ತಾಗಲೆಲ್ಲ ಜನರು ಅದನ್ನು ಒಂದೇ ಬಗೆಯಾಗಿ ಬರಮಾಡಿಕೊಂಡದ್ದಿಲ್ಲ. ಕೆಲವರು ಮೊದಲ ದಿನವೇ ಕೈಗೆತ್ತಿಕೊಳ್ಳುತ್ತಾರೆ. ಕೆಲವರು ನೆರೆಯವರ ಅನುಭವ ನೋಡಿ ಮುಂದಡಿ ಇಡುತ್ತಾರೆ. ಮತ್ತೆ ಕೆಲವರು ಕಡೆಯವರೆಗೂ ದೂರವೇ ನಿಲ್ಲುತ್ತಾರೆ. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಕೃತಕ ಬುದ್ಧಿಮತ್ತೆಯ ವಿಷಯದಲ್ಲಿಯೂ ನಮ್ಮ ಮನೆಗಳಲ್ಲಿ ಇದೇ ನಡೆದಿದೆ. ಕಲಬುರಗಿ ನಗರದಲ್ಲಿ ಓದುವ ಮೊಮ್ಮಗನು ಪಾಠದ ಪ್ರಶ್ನೆಯಿಂದ ಜ್ವರದ ಔಷಧದವರೆಗೆ ಎಲ್ಲವನ್ನೂ ಮೊಬೈಲಿನ ಯಂತ್ರಕ್ಕೇ ಕೇಳುತ್ತಾನೆ. ಕಮಲಾಪುರದಲ್ಲಿ ಬಾಳೆಯ ತೋಟ ನೋಡಿಕೊಳ್ಳುವ ಹಿರಿಯರು ಅದರತ್ತ ತಿರುಗಿಯೂ ನೋಡುವುದಿಲ್ಲ. “ಮುತ್ಯಾ, ನಿನಗ ತಿಳಿಯಂಗಿಲ್ಲ ಬಿಡು” ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿಬರುವುದಿಲ್ಲ! ಆದರೆ ತಿಳಿಯದಿರುವುದು ಒಂದು, ಒಪ್ಪದಿರುವುದು ಇನ್ನೊಂದು. ಇವೆರಡರ ಅಂತರವನ್ನು ಅರಿಯುವುದು ಇಂದಿನ ಅಗತ್ಯವಾಗಿದೆ.

ಈ ವಿಷಯವನ್ನು ವಿದ್ವಾಂಸರು ಬಹುಕಾಲದಿಂದ ಪರಿಶೀಲಿಸಿದ್ದಾರೆ. ಅಮೆರಿಕದ ಎವೆರೆಟ್ ರೋಜರ್ಸ್ ಅವರು ೧೯೬೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೊಸದನ್ನು ಸ್ವೀಕರಿಸುವವರನ್ನು ಐದು ವರ್ಗಗಳಾಗಿ ವಿಂಗಡಿಸಿದರು. ಅವರ ಲೆಕ್ಕದಲ್ಲಿ ಎಲ್ಲರಿಗಿಂತ ಮೊದಲು ಹೆಜ್ಜೆ ಇಡುವವರು ಶೇಕಡಾ ೨.೫ರಷ್ಟು ಮಾತ್ರ, ಎಲ್ಲರಿಗಿಂತ ಕೊನೆಗೆ ಬರುವವರು ಶೇಕಡಾ ೧೬. ಮುಂದೆ ೧೯೮೯ರಲ್ಲಿ ಫ್ರೆಡ್ ಡೇವಿಸ್ ಅವರು, ಕಂಪ್ಯೂಟರನ್ನು ಒಪ್ಪುವುದು ಮುಖ್ಯವಾಗಿ ಎರಡು ಭಾವನೆಗಳ ಮೇಲೆ ನಿಂತಿದೆಯೆಂದು ತೋರಿಸಿದರು: ಇದರಿಂದ ನನಗೆ ಪ್ರಯೋಜನವಿದೆಯೇ? ಇದನ್ನು ನಾನು ಸುಲಭವಾಗಿ ಬಳಸಬಲ್ಲೆನೇ? ಸ್ವಭಾವ, ವಯಸ್ಸು, ಶಿಕ್ಷಣ, ಹಿಂದಿನ ಅನುಭವ ಇವೆಲ್ಲ ಈ ಎರಡು ಪ್ರಶ್ನೆಗಳ ಉತ್ತರವನ್ನು ಬೇರೆಬೇರೆಯಾಗಿ ರೂಪಿಸುತ್ತವೆ.

ನಮ್ಮ ಜಿಲ್ಲೆಯ ಉದಾಹರಣೆಯನ್ನೇ ನೋಡೋಣ. ಕಲಬುರಗಿಯು ತೊಗರಿಯ ಕಣಜವೆಂದು ಹೆಸರಾದುದು. ೨೦೧೫ರಲ್ಲಿ ತೊಗರಿಬೇಳೆಯ ಬೆಲೆ ಕಿಲೋಗೆ ೨೦೦ ರೂಪಾಯಿಯ ಸಮೀಪಕ್ಕೇರಿತು. ಅದನ್ನು ನಂಬಿ ರೈತರು ಮರುವರ್ಷ ಹೆಚ್ಚು ಬಿತ್ತಿದರು. ಫಸಲು ಹೆಚ್ಚಿ, ಮಾರುಕಟ್ಟೆಯ ಧಾರಣೆಯು ಕ್ವಿಂಟಲಿಗೆ ೫,೦೫೦ ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು. ೨೦೧೭ರಲ್ಲಿ ರಾಜ್ಯ ಸರ್ಕಾರವು ಮೈಕ್ರೋಸಾಫ್ಟ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು, ಕೃಷಿ ಬೆಲೆ ಆಯೋಗದ ಮೂಲಕ ಧಾರಣೆಯನ್ನು ಮುಂಚಿತವಾಗಿ ಅಂದಾಜಿಸುವ ಕೃತಕ ಬುದ್ಧಿಮತ್ತೆಯ ಪ್ರಯೋಗಕ್ಕೆ ತೊಡಗಿತು. ಆ ಪ್ರಯೋಗಕ್ಕೆ ಆರಿಸಿದ ಬೆಳೆ ತೊಗರಿಯೇ.

ಇಂತಹ ಮುನ್ಸೂಚನೆಯೊಂದು ಊರಿಗೆ ಬಂದಿತೆನ್ನಿ. ಇಪ್ಪತ್ತು ಎಕರೆಯ ಒಡೆಯನು ಎರಡು ಎಕರೆಯಲ್ಲಿ ಅದನ್ನು ಪರೀಕ್ಷಿಸಿ ನೋಡಬಹುದು. ತಪ್ಪಿದರೂ ಅವನ ಮನೆಯ ಒಲೆ ಆರದು. ಇರುವುದೇ ಎರಡು ಎಕರೆ, ಮೇಲೆ ಸಾಲ, ಅಂಥವನಿಗೆ ಪರೀಕ್ಷಿಸಲು ಬೇರೆ ಹೊಲವೆಲ್ಲಿ? ೨೦೨೨ರಲ್ಲಿ ನೆಟೆ ರೋಗದಿಂದ ನಿಂತ ತೊಗರಿ ನಿಂತಂತೆಯೇ ಒಣಗಿದುದನ್ನು ಕಂಡವನು ಅವನು. ಅವನ ಹಿಂಜರಿಕೆಯನ್ನು ಅಜ್ಞಾನವೆನ್ನುವುದು ಅನ್ಯಾಯ; ಅದು ಬದುಕು ಕಲಿಸಿದ ಲೆಕ್ಕ. ಜಿ.ಐ. ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಯೂ ಹಾಗೆಯೇ. ಕೊಯ್ಲಿಗೆ ವರ್ಷಕ್ಕೂ ಮಿಗಿಲಾಗಿ ಕಾಯಬೇಕಾದ ಆ ಬೆಳೆಗಾರನು ಯಂತ್ರದ ಒಂದು ಮಾತಿಗೆ ಗೊಬ್ಬರ, ಔಷಧ ಬದಲಿಸುವ ಮುನ್ನ ಹತ್ತು ಸಲ ಯೋಚಿಸುವುದು ಸಹಜ.

ಮನುಷ್ಯಸ್ವಭಾವದ ಇನ್ನೊಂದು ಮುಖವೂ ಇದೆ. ಯಂತ್ರವು ಒಮ್ಮೆ ತಪ್ಪಿದುದನ್ನು ಕಂಡರೆ, ಅದು ಮನುಷ್ಯನಿಗಿಂತ ಮೇಲಾಗಿ ಅಂದಾಜಿಸಿದ್ದರೂ ಜನರು ಅದನ್ನು ಬಿಟ್ಟು ಮನುಷ್ಯನನ್ನೇ ನೆಚ್ಚುತ್ತಾರೆಂದು ಅಮೆರಿಕದ ಸಂಶೋಧಕರು ೨೦೧೫ರಲ್ಲಿ ಕಂಡುಕೊಂಡರು. ಅದರ ಉತ್ತರವನ್ನು ತುಸುವಾದರೂ ತಿದ್ದುವ ಅಧಿಕಾರ ಕೊಟ್ಟರೆ ಅದೇ ಜನರು ಅದನ್ನು ಬಳಸಲು ಒಪ್ಪುತ್ತಾರೆಂಬುದು ಅವರ ಮುಂದಿನ ಅಧ್ಯಯನದ ಫಲ. ಹಿರಿಯರು ಬಯಸುವುದೂ ಇದನ್ನೇ: ಯಂತ್ರ ಹೇಳಲಿ, ಆದರೆ ಕೊನೆಯ ಮಾತು ನಮ್ಮದಿರಲಿ.

ಹಿಂಜರಿಕೆಯ ಬೇರು ಎಲ್ಲರಲ್ಲಿಯೂ ಒಂದೇ ಅಲ್ಲ. ಒಬ್ಬರಿಗೆ ಕಣ್ಣು ಮಂಜು, ಸಣ್ಣ ಅಕ್ಷರ ಕಾಣದು. ಒಬ್ಬರಿಗೆ ಓದುಬರಹ ಬಾರದ ಸಂಕೋಚ. ಇಂಥವರಿಗೆ ಮಾತಿನಿಂದಲೇ ಕೇಳುವ ಅನುಕೂಲ ಬಂದಿದೆ. ಭಾರತೀಯ ಭಾಷೆಗಳಿಗಾಗಿ ಕೇಂದ್ರ ಸರ್ಕಾರವು ೨೦೨೨ರಲ್ಲಿ ‘ಭಾಷಿಣಿ’ಯನ್ನು ಆರಂಭಿಸಿದ್ದು ಈ ಉದ್ದೇಶದಿಂದಲೇ. ಮೋಸಹೋಗುವ ಭಯವುಳ್ಳವರಿಗೆ ಮಾತ್ರ ಈ ಅನುಕೂಲ ಸಾಲದು. ಅವರಿಗೆ ನಂಬಿಗಸ್ತರೊಬ್ಬರು ಪಕ್ಕದಲ್ಲಿ ಕುಳಿತು ತೋರಿಸಬೇಕು. ಬೇರನ್ನು ಅರಿಯದೆ ಕೊಟ್ಟ ಉಪದೇಶ ವ್ಯರ್ಥ.

ಹಾಗೆಯೇ ಅತಿಯಾದ ಉತ್ಸಾಹಕ್ಕೂ ಕಡಿವಾಣ ಬೇಕು. ಬಸವಣ್ಣನವರ ವಚನವೊಂದನ್ನು ಕೊಡೆಂದು ಕೇಳಿದರೆ, ಈ ಯಂತ್ರವು ಎಲ್ಲಿಯೂ ಇಲ್ಲದ ಸಾಲುಗಳನ್ನು ಹೆಣೆದು, ಕೊನೆಗೆ ಅಂಕಿತವನ್ನೂ ಸೇರಿಸಿ ಕೊಡಬಲ್ಲದು. ಡಾ. ಫ.ಗು. ಹಳಕಟ್ಟಿಯವರು ಹಸ್ತಪ್ರತಿಗಳನ್ನು ಅರಸಿ, ಶೋಧಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದ ನಾಡು ನಮ್ಮದು. ಸುಳ್ಳು ವಚನವು ಮಗುವಿನ ಭಾಷಣಕ್ಕೋ ಲಗ್ನಪತ್ರಿಕೆಗೋ ಸೇರಿದರೆ ಆ ಶ್ರಮಕ್ಕೆ ಅಪಚಾರವಲ್ಲವೇ? ಇಲ್ಲಿ ತಪ್ಪನ್ನು ಹಿಡಿಯಬಲ್ಲವರು, ವಚನಗಳನ್ನು ಕಂಠಪಾಠ ಮಾಡಿದ ಅದೇ ಮುತ್ಯಾ, ಅದೇ ಅಜ್ಜಿ. ಮೊಮ್ಮಗನ ವೇಗಕ್ಕೆ ಅವರ ನೆನಪೇ ಒರೆಗಲ್ಲು.

ಆದ್ದರಿಂದ ಮನೆಯಲ್ಲಿ ಒಂದು ಕ್ರಮವನ್ನಿಟ್ಟುಕೊಳ್ಳುವುದು ಹಿತಕರ. ತಪ್ಪಾದರೆ ನಷ್ಟವಿಲ್ಲದ ಕೆಲಸಕ್ಕೆ, ಅಂದರೆ ಅರ್ಜಿಯ ಕರಡು, ಕಠಿಣ ಪದದ ಅರ್ಥ ಇತ್ಯಾದಿಗಳಿಗೆ, ಕಿರಿಯರು ಧಾರಾಳವಾಗಿ ಬಳಸಲಿ. ಹಿರಿಯರಿಗೂ ಅಲ್ಲಿಂದಲೇ ಕಲಿಸಲಿ. ಔಷಧ, ಹೊಲದ ಖರ್ಚು, ಹಣದ ವ್ಯವಹಾರ, ವಚನ ಇವುಗಳಲ್ಲಿ ಯಂತ್ರದ ಉತ್ತರವನ್ನು ವೈದ್ಯರು, ಕೃಷಿ ಅಧಿಕಾರಿಗಳು, ಬ್ಯಾಂಕಿನವರು ಅಥವಾ ಮುದ್ರಿತ ಗ್ರಂಥದಿಂದ ಖಚಿತಪಡಿಸಿಕೊಳ್ಳದೆ ಹೆಜ್ಜೆ ಇಡಬಾರದು. ಧೈರ್ಯವಂತನು ಮನೆಗೆ ಹೊಸದನ್ನು ತರುತ್ತಾನೆ, ಎಚ್ಚರಿಕೆಯುಳ್ಳವನು ತಂದುದನ್ನು ಸೋಸುತ್ತಾನೆ. ಇಬ್ಬರೂ ಇರುವ ಮನೆಯೇ ಭದ್ರವಾದ ಮನೆ.