ಕೊಂಡ ಮೇಲೂ ಪೂರ್ಣವಾಗದ ಯಂತ್ರ

ವಿಡಿಯೋ ಕ್ಯಾಸೆಟ್ಟಿನ ಯಂತ್ರ ಕೆಟ್ಟಾಗ ಅದರ ದೋಷ ಕಣ್ಣಿಗೆ ಕಾಣುವಂಥದಾಗಿದ್ದಿತು. ಹೆಡ್ಡಿನ ಮೇಲೆ ಧೂಳು ಕುಳಿತಿರಲಿ, ಬೆಲ್ಟು ಸಡಿಲವಾಗಿರಲಿ, ಮುಂಬಯಿ ಬಳಿಯ ನಮ್ಮ ಡೊಂಬಿವಲಿ ಸ್ಟೇಷನ್ನಿನ ಆಸುಪಾಸಿನ ಯಾವ ರಿಪೇರಿಯವನಾದರೂ ಮುಚ್ಚಳ ತೆಗೆದು ನೋಡಿ ಸರಿಪಡಿಸಬಲ್ಲವನಾಗಿದ್ದನು. 2006ರಲ್ಲಿ ಮಾರುಕಟ್ಟೆಗೆ ಬಂದ ಬ್ಲೂ-ರೇ ಪ್ಲೇಯರು ಆ ಜಾತಿಯದಲ್ಲ. ಅದು ವಸ್ತುತಃ ಒಂದು ಗಣಕಯಂತ್ರ. ಅದನ್ನು ನಡೆಸುವುದು ಒಳಗಿನ ಮೆಮೊರಿಯಲ್ಲಿ ಬರೆದಿಟ್ಟ ಆಜ್ಞೆಗಳ ಸಮುಚ್ಚಯ, ಅಂದರೆ ಫರ್ಮ್‌ವೇರ್. ಆ ಬರವಣಿಗೆಯಲ್ಲಿ ಲೋಪವಿದ್ದರೆ ಸ್ಕ್ರೂ ತಿರುಗಿಸಿ ಫಲವಿಲ್ಲ.

ಈ ಫರ್ಮ್‌ವೇರನ್ನು ಪದೇ ಪದೇ ತಿದ್ದಬೇಕಾಗಿ ಬಂದುದಕ್ಕೆ ಮುಖ್ಯ ಕಾರಣ ಚಿತ್ರಸಂಸ್ಥೆಗಳನ್ನು ಕಾಡುತ್ತಿದ್ದ ನಕಲಿನ ಭೀತಿ. ಡಿವಿಡಿಯ ರಕ್ಷಣೆ 1999ರಲ್ಲಿಯೇ ಭೇದಿಸಲ್ಪಟ್ಟಿದ್ದುದರಿಂದ, ಬ್ಲೂ-ರೇಗೆ ಎಎಸಿಎಸ್ ಎಂಬ ಗೂಢಲಿಪಿಯ ವ್ಯವಸ್ಥೆಯನ್ನು ಅಳವಡಿಸಿ, ಯಾವುದಾದರೂ ಪ್ಲೇಯರಿನ ರಹಸ್ಯಸಂಕೇತ ಬಯಲಾದರೆ ಮುಂದಿನ ಡಿಸ್ಕುಗಳಲ್ಲಿ ಅದನ್ನು ಅಸಿಂಧುಗೊಳಿಸುವ ಅಧಿಕಾರವನ್ನೂ ಇರಿಸಿಕೊಳ್ಳಲಾಯಿತು. ಇದರ ಮೇಲೆ ಬಿಡಿ ಪ್ಲಸ್ ಎಂಬ ಇನ್ನೊಂದು ಪಹರೆ: ಡಿಸ್ಕಿನಲ್ಲಿಯೇ ಅಡಗಿದ ಒಂದು ಪ್ರೋಗ್ರಾಮು ಪ್ಲೇಯರಿನೊಳಗೆ ಓಡಿ, ಅದನ್ನು ಪರೀಕ್ಷಿಸಿದ ಬಳಿಕವೇ ಚಿತ್ರಕ್ಕೆ ಅಪ್ಪಣೆ. 2007ರ ಅಕ್ಟೋಬರಿನಲ್ಲಿ ಫಾಕ್ಸ್ ಸಂಸ್ಥೆಯ ಇಂಥ ಡಿಸ್ಕುಗಳು ಬಂದಾಗ ಸ್ಯಾಮ್‌ಸಂಗ್, ಎಲ್‌ಜಿಗಳ ಕೆಲವು ಯಂತ್ರಗಳು ತಡವರಿಸಿದುವು. 2010ರ ಏಪ್ರಿಲಿನಲ್ಲಿ ‘ಅವತಾರ್’ ಚಿತ್ರದ ಡಿಸ್ಕು ಬಂದಾಗಲೂ ಅನೇಕ ಪ್ಲೇಯರುಗಳು ಹೊಸ ಫರ್ಮ್‌ವೇರ್ ಸಿಗುವವರೆಗೆ ಅದನ್ನು ನಡೆಸಲಿಲ್ಲ. ಕಾಲುದಾರಿಯಲ್ಲಿ ಕಳ್ಳಪ್ರತಿ ಕೊಂಡವನಿಗೆ ಈ ಕ್ಲೇಶ ಯಾವುದೂ ಇಲ್ಲ! ಶಿಕ್ಷೆಯೆಲ್ಲ ಬೆಲೆ ತೆತ್ತು ಅಸಲಿ ಡಿಸ್ಕು ಕೊಂಡವನಿಗೇ.

ಮೊದಮೊದಲ ಯಂತ್ರಗಳಲ್ಲಿ ಹಲವಕ್ಕೆ ಅಂತರ್ಜಾಲದ ಸಂಪರ್ಕವಿರಲಿಲ್ಲವಾಗಿ, ಹೊಸ ಫರ್ಮ್‌ವೇರಿನ ಫೈಲನ್ನು ಕಂಪ್ಯೂಟರಿಗೆ ಇಳಿಸಿ, ಖಾಲಿ ಸಿಡಿಯ ಮೇಲೆ ಬರೆದು, ಅದನ್ನು ಪ್ಲೇಯರಿಗೆ ಉಣಿಸಿ, ಮುಗಿಯುವವರೆಗೆ ವಿದ್ಯುತ್ತನ್ನು ಆರಿಸಕೂಡದೆಂಬ ಎಚ್ಚರಿಕೆಯ ಮುಂದೆ ಕಾದು ಕೂರಬೇಕಾಗಿತ್ತು. ಹಳೆಯ ಆಜ್ಞೆಗಳನ್ನು ಅಳಿಸಿ ಹೊಸವನ್ನು ಬರೆಯುತ್ತಿರುವ ನಡುವೆ ಕರೆಂಟು ಹೋದರೆ, ಎಚ್ಚರಗೊಳ್ಳುವ ವಿಧಾನವನ್ನೇ ಯಂತ್ರ ಮರೆತುಬಿಡುವ ಅಪಾಯವುಂಟು. ಕಲ್ಯಾಣ-ಡೊಂಬಿವಲಿಯ ಜನ ವಿದ್ಯುತ್ ಕಂಪನಿಯಾದ ಮಹಾವಿತರಣದ ಲೋಡ್‌ಶೆಡ್ಡಿಂಗನ್ನು ಅನುಭವಿಸಿದ ವರ್ಷಗಳೂ ಹೆಚ್ಚುಕಡಿಮೆ ಅವೇ ಆಗಿದ್ದುವೆಂಬುದನ್ನು ನೆನೆದರೆ, ಜಪಾನಿನಲ್ಲೋ ಕೊರಿಯಾದಲ್ಲೋ ಕುಳಿತು ಆ ಎಚ್ಚರಿಕೆಯನ್ನು ಬರೆದ ಮಹನೀಯರಿಗೆ ನಮ್ಮ ಊರಿನ ವೇಳಾಪಟ್ಟಿಯ ಪರಿಚಯವಿರಲಿಲ್ಲವೆಂದು ಹೇಳಲೇಬೇಕು.

ಗಲ್ಫಿನಲ್ಲಿರುವ ಬಂಧುಗಳು ತಂದ ಪ್ಲೇಯರಿಗೆ ಮತ್ತೊಂದು ತೊಡಕು. ಬ್ಲೂ-ರೇಯ ಲೋಕವಿಭಾಗದಲ್ಲಿ ಗಲ್ಫ್ ‘ಬಿ’ ವಲಯಕ್ಕೆ, ಭಾರತ ‘ಸಿ’ ವಲಯಕ್ಕೆ ಸೇರಿವೆ. ಡಿಸ್ಕು ಒಂದೇ ವಲಯಕ್ಕೆ ಮೀಸಲಾಗಿದ್ದರೆ, ಕಂಪನಿ ಕೊಡುವ ಫರ್ಮ್‌ವೇರ್ ಎಷ್ಟೇ ಹೊಸದಾಗಿದ್ದರೂ ಆ ಗಡಿಯನ್ನು ಅಳಿಸದು. ಹಾಗೆಯೇ ಯಂತ್ರಾಂಶದಲ್ಲಿಯೇ ಇಲ್ಲದ ಶಕ್ತಿಯನ್ನೂ ಅದು ಕೊಡಲಾರದು: ಚಿತ್ರದೊಳಗೊಂದು ಕಿರುಚಿತ್ರವನ್ನು ತೋರಿಸುವ ಸೌಕರ್ಯ 2007ರ ನವೆಂಬರಿನಿಂದ ಹೊಸ ಮಾದರಿಗಳಿಗೆ ಕಡ್ಡಾಯವಾದಾಗ, ಅದಕ್ಕೆ ಮುಂಚೆ ದುಬಾರಿ ಬೆಲೆ ಕೊಟ್ಟವರಲ್ಲಿ ಬಹುಮಂದಿ ವಂಚಿತರಾದರು. ಸಾಮರ್ಥ್ಯವನ್ನು ಮೊದಲೇ ತುಂಬಿಸಿಕೊಂಡಿದ್ದ ಪ್ಲೇಸ್ಟೇಷನ್ 3 ಮಾತ್ರ ಅಪ್‌ಡೇಟಿನಿಂದಲೇ ಅದನ್ನು ಕಲಿತುಕೊಂಡಿತು. ಆಟದ ಪೆಟ್ಟಿಗೆಯೆಂದು ಹಿರಿಯರು ಮೂಗುಮುರಿದ ವಸ್ತುವೇ ಉತ್ತಮ ಪ್ಲೇಯರಾಯಿತು.

ಜಾಲಸಂಪರ್ಕ ಬಂದ ಮೇಲೆ ಎಲ್ಲವೂ ಸುಗಮವಾಯಿತೆನ್ನುವಂತಿಲ್ಲ. 2020ರ ಜೂನಿನಲ್ಲಿ ಸ್ಯಾಮ್‌ಸಂಗಿನ ಎಷ್ಟೋ ಪ್ಲೇಯರುಗಳು ಹೊತ್ತಿಕೊಂಡು, ಆರಿ, ಮತ್ತೆ ಹೊತ್ತಿಕೊಳ್ಳುವ ಆವರ್ತಕ್ಕೆ ಸಿಲುಕಿದುವು. ಜಾಲದ ಮೂಲಕ ತಾವಾಗಿಯೇ ಪಡೆದ ಒಂದು ಸಣ್ಣ ಫೈಲೇ ಇದಕ್ಕೆ ಮೂಲವೆಂದು ಪರೀಕ್ಷಿಸಿದವರು ಕಂಡುಕೊಂಡರು. ಹೊಸ ಫರ್ಮ್‌ವೇರನ್ನು ಸ್ವೀಕರಿಸಲು ಬೇಕಾದಷ್ಟು ಹೊತ್ತೂ ಅವು ಸ್ಥಿರವಾಗಿ ನಿಲ್ಲಲಾರದೆ ಹೋದುದರಿಂದ, ಅಮೆರಿಕೆಯ ಗ್ರಾಹಕರು ಅವನ್ನು ಕಟ್ಟಿ ಕಂಪನಿಯ ರಿಪೇರಿ ಕೇಂದ್ರಕ್ಕೆ ಕಳುಹಿಸಬೇಕಾಯಿತು.